ಅರ್ಧ ಪಾಪ ಯಾರ ಪಾಲಿಗೆ?

ಶ್ರಾವಣ ಬಂದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಠ-ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಸುಗ್ಗಿ ಮುಗಿದರೆ ದೊಡ್ಡಾಟ. ದ್ರೌಪದಿಯ ಸೀರೆಗೆ ಕೈ ಹಾಕುವ ಸನ್ನಿವೇಶ ಬಂತೆಂದರೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಗಂಡಸರು ಕೂತಲ್ಲಿಂದಲೇ ದುಶ್ಶಾಸನನಿಗೆ ಬೈಯುತ್ತಾರೆ. ಆಮೇಲೆ ಎಲ್ಲರೂ ಮನೆಗೆ ಹೋಗಿ ನೆಮ್ಮದಿಯಿಂದ ಮಲಗುತ್ತಾರೆ. ಅದೇ ಸಭೆಯಲ್ಲಿ ವಿದುರ ಎದ್ದು ನಿಂತು ಒಪ್ಪಿಸಿದ ಒಂದು ಲೆಕ್ಕ ಸಭಾಪರ್ವದಲ್ಲಿದೆ. ಅದನ್ನು ನಮ್ಮೂರ ಭಾಗವತರು ಹಾಡುವುದಿಲ್ಲ, ನಾವೂ ಕೇಳುವುದಿಲ್ಲ.

ಪ್ರಹ್ಲಾದನ ಮಗ ವಿರೋಚನನಿಗೂ ಸುಧನ್ವನೆಂಬ ಋಷಿಪುತ್ರನಿಗೂ ಜಗಳ. ಇಬ್ಬರಲ್ಲಿ ಯಾರು ಮೇಲು ಎಂದು ತೀರ್ಪು ಕೊಡಬೇಕಾದವನು ಪ್ರಹ್ಲಾದ. ಗೊತ್ತಿದ್ದೂ ನ್ಯಾಯ ಹೇಳದಿದ್ದರೆ ಏನಾಗುತ್ತದೆ ಎಂದು ಅವನು ಕಶ್ಯಪನನ್ನು ಕೇಳುತ್ತಾನೆ. ಕಶ್ಯಪ ಹೇಳಿದ ಲೆಕ್ಕ ಹೀಗೆ: ನಿಂದಿಸಬೇಕಾದ್ದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧ ಆ ಸಭೆಯ ಹಿರಿಯನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಬಾಯಿ ಮುಚ್ಚಿಕೊಂಡು ಕೂತವರಿಗೆ. ಮಾಡಿದವನಿಗಿಂತ ಇಮ್ಮಡಿ ಪಾಲು, ಮುಖ್ಯಸ್ಥನಾಗಿದ್ದೂ ಸುಮ್ಮನಿದ್ದವನಿಗೆ. ಇದನ್ನು ಕೇಳಿ ಪ್ರಹ್ಲಾದ ತನ್ನ ಮಗನ ವಿರುದ್ಧವೇ ತೀರ್ಪು ಕೊಟ್ಟ. ವಿದುರ ಈ ಕತೆ ಹೇಳಿದ ಮೇಲೂ ಕುರುಸಭೆಯ ಅರಸರು ತುಟಿ ಬಿಚ್ಚಲಿಲ್ಲ.

ನಮ್ಮ ಸಾಲಿಗಳಲ್ಲಿ ಮಕ್ಕಳ ಮೈಮೇಲೆ ಕೈ ಹೋದಾಗ ಕೂಡುವ ಸಭೆಯೂ ಅಂಥದ್ದೇ. ಮುಖ್ಯ ಗುರುಗಳ ಕೋಣೆಯಲ್ಲಿ ನಾಲ್ಕು ಕುರ್ಚಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷ, ಊರ ಗೌಡ, ಗ್ರಾಮ ಪಂಚಾಯಿತಿ ಸದಸ್ಯ, ಮೂಲೆಯಲ್ಲಿ ಕೈಕಟ್ಟಿ ನಿಂತ ಹುಡುಗಿಯ ಅಪ್ಪ. ಹುಡುಗಿ ಅಲ್ಲಿರುವುದಿಲ್ಲ, ಇದ್ದರೂ ಅವಳನ್ನು ಯಾರೂ ಕೇಳುವುದಿಲ್ಲ. "ಹೆಣ್ಣ ಹುಡುಗಿ ಅದ, ನಾಳಿ ಲಗ್ನ ಆಗಬೇಕು" ಎನ್ನುತ್ತಾನೆ ಒಬ್ಬ. "ಮಾಸ್ತರಗೂ ಹೆಂಡ್ರು ಮಕ್ಕಳಿದ್ದಾರ, ನೌಕರಿ ಹೋದ್ರ ಮನಿ ಮುಳುಗತದ" ಎನ್ನುತ್ತಾನೆ ಇನ್ನೊಬ್ಬ. "ನಮ್ಮೂರ ಸಾಲಿ ಹೆಸರು ಕೆಡತದ್ರಿ" ಎಂಬುದು ಮೂರನೆಯವನ ಚಿಂತೆ. ಮೂವರೂ ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಹಚ್ಚಿಕೊಂಡೇ ಬಂದವರು. ಚಹಾ ಬರುತ್ತದೆ. ಮಾಸ್ತರ ಕೈಮುಗಿಯುತ್ತಾನೆ. ರಾಜಿ ಆಗುತ್ತದೆ.

ಈ ರಾಜಿ ಎಂಬುದರ ಬೆಲೆಯೇನು ಎಂಬುದನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 7ರಂದು ಸ್ಪಷ್ಟ ಮಾಡಿದೆ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬ ವಿದ್ಯಾರ್ಥಿನಿಯ ಮೈಮುಟ್ಟಿದ ಆರೋಪ. ಹುಡುಗಿಯ ಮನೆಯವರಿಂದ ತಪ್ಪುತಿಳಿವಳಿಕೆಯಾಗಿತ್ತು ಎಂದು ಬರೆಸಿಕೊಂಡದ್ದಾಯಿತು. ಎರಡೂ ಕಡೆಯವರು ಒಂದಾಗಿದ್ದಾರೆಂದು ಅಲ್ಲಿನ ಹೈಕೋರ್ಟು ಪ್ರಕರಣವನ್ನೇ ರದ್ದು ಮಾಡಿತು. ಆಗ ಹುಡುಗಿಯ ಮನೆಗೆ ನಂಟಸ್ತಿಕೆಯೇನೂ ಇಲ್ಲದ ಆ ಭಾಗದ ಜನ ಸುಪ್ರೀಂ ಕೋರ್ಟಿಗೆ ಹೋದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಅಡಿಯ ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯವಹಾರವಲ್ಲ, ಸಮಾಜದ ಮೇಲಿನ ಅಪರಾಧ, ಅಪ್ಪ ಒಪ್ಪಿದ ಮಾತ್ರಕ್ಕೆ ಮುಚ್ಚಿಹಾಕಲು ಬರುವುದಿಲ್ಲ ಎಂದು ಕೋರ್ಟು ಹೇಳಿತು, ರದ್ದಾಗಿದ್ದ ಪ್ರಕರಣಕ್ಕೆ ಮತ್ತೆ ಜೀವ ಕೊಟ್ಟಿತು. ಆ ಊರವರಿಗೆ ಏನು ಸಿಕ್ಕಿತು ಎಂದು ನಮ್ಮ ಕಟ್ಟೆಯ ಮೇಲೆ ಕೂತವರು ಕೇಳಿಯಾರು. ಕೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಪರರ ಮಗಳಿಗಾಗಿ ದಿಲ್ಲಿಯವರೆಗೆ ಹೋದವರು ಅವರು. ನಾವು ತಾಲ್ಲೂಕು ಠಾಣೆಯವರೆಗೆ ಹೋಗಲು ಹಿಂದೆಮುಂದೆ ನೋಡುವವರು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19 ಮತ್ತು 21ನೇ ಕಲಂಗಳನ್ನು ಓದಿದರೆ ವಿದುರನ ಲೆಕ್ಕವನ್ನೇ ಸರಕಾರಿ ಭಾಷೆಯಲ್ಲಿ ಬರೆದಂತಿದೆ. ಅಪರಾಧ ನಡೆದದ್ದು ಗೊತ್ತಾದವನು, ನಡೆಯಬಹುದೆಂಬ ಅನುಮಾನವಿದ್ದವನು ಕೂಡ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಲ್ಲೂ ಮುಖ್ಯಸ್ಥನ ಪಾಲು ಉಳಿದವರ ಇಮ್ಮಡಿ. ಮುಖ್ಯ ಗುರುಗಳು ತಾವೇ ವಿಚಾರಣೆ ಮಾಡಿ ಸತ್ಯ ಹುಡುಕಬೇಕೆಂದು ಕಾಯ್ದೆ ಕೇಳುವುದಿಲ್ಲ. ಬಿಇಒ ಸಾಹೇಬರಿಗೆ ಫೋನ್ ಹಚ್ಚಿ, ಅವರು ಡಿಡಿಪಿಐ ಅವರನ್ನು ಕೇಳಿ, ಅಲ್ಲಿಂದ ಅಪ್ಪಣೆ ಬರುವವರೆಗೆ ಕಾಯಬೇಕೆಂದೂ ಅದರಲ್ಲಿ ಬರೆದಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವನ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಬರೆದಿದೆ. ನಮ್ಮ ಮುಖ್ಯ ಗುರುಗಳಲ್ಲಿ ಬಹಳಷ್ಟು ಜನಕ್ಕೆ ಇದು ಗೊತ್ತು. ತರಬೇತಿಯಲ್ಲಿ ಕೇಳಿರುತ್ತಾರೆ, ಹಾಜರಿಗೆ ಸಹಿಯನ್ನೂ ಹಾಕಿರುತ್ತಾರೆ.

ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ನೋಡಲು ಜೇವರ್ಗಿಯವರು ದೂರ ಹೋಗಬೇಕಿಲ್ಲ. ಪಕ್ಕದ ಶಹಾಪುರದಲ್ಲಿ, 2025ರ ಆಗಸ್ಟ್ ಕೊನೆಯಲ್ಲಿ, ಸರಕಾರಿ ವಸತಿ ಶಾಲೆಯ ಒಂಬತ್ತನೇ ತರಗತಿಯ ಹುಡುಗಿ ಶಾಲೆಯ ಶೌಚಾಲಯದಲ್ಲಿ ಹೆತ್ತಳು. ಪ್ರಾಂಶುಪಾಲರಿದ್ದರು, ವಾರ್ಡನ್ ಇದ್ದರು, ನರ್ಸ್ ಇದ್ದರು. ತಿಂಗಳುಗಟ್ಟಲೆ ಯಾರಿಗೂ ಏನೂ ಕಾಣಲಿಲ್ಲವಂತೆ. ಹುಡುಗಿಯನ್ನು ಕೆಡಿಸಿದ ಆರೋಪದ ಮೇಲೆ ಒಬ್ಬನ ಬಂಧನವಾಯಿತು. ವಿಷಯ ಮುಚ್ಚಿಟ್ಟ ಆರೋಪದಲ್ಲಿ ಶಾಲೆಯ ಸಿಬ್ಬಂದಿಯ ಮೇಲೂ ಕೇಸು ದಾಖಲಾಯಿತು, ಅಮಾನತೂ ಆಯಿತು. ಅಮಾನತಾದ ಮೇಲೆ ಎಲ್ಲ ಕಡೆ ಒಂದೇ ಉದ್ಗಾರ ಕೇಳಿಬಂತು: ಪಾಪ, ಅವರೇನು ಮಾಡಿದ್ದರು? ಏನೂ ಮಾಡದೇ ಇದ್ದದ್ದೇ ಆರೋಪ ಎಂಬುದು ನಮಗೆ ಇನ್ನೂ ತಲೆಗೆ ಹೋಗಿಲ್ಲ.

ಈಗ ನಮ್ಮ ಗುರುಭಕ್ತಿಯ ಮಾತಿಗೆ ಬರೋಣ. ಈ ಸೀಮೆಯಲ್ಲಿ ಗುರು ಎಂಬ ಮಾತಿಗಿರುವ ತೂಕ ಬೇರೆಡೆ ಕಡಿಮೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳ ಪಾದುಕೆಯ ಮುಂದೆ ಮಹಾರಾಷ್ಟ್ರದಿಂದಲೂ ಆಂಧ್ರದಿಂದಲೂ ಜನ ಬಂದು ನಿಲ್ಲುತ್ತಾರೆ. ಭೀಮಾ-ಅಮರಜಾ ಸಂಗಮದಲ್ಲಿ ಮಿಂದು ಗುರುಚರಿತ್ರೆ ಪಾರಾಯಣ ಮಾಡುತ್ತಾರೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ದಾಸೋಹದ ನೆನಪು ಇಡೀ ಕಲಬುರಗಿಯನ್ನು ಇವತ್ತಿಗೂ ಪೊರೆಯುತ್ತದೆ. ಲಿಂಗಾಯತರ ಅಷ್ಟಾವರಣದಲ್ಲಿ ಮೊದಲ ಸ್ಥಾನ ಗುರುವಿಗೆ. ಇದೆಲ್ಲ ದೊಡ್ಡ ಆಸ್ತಿ. ಈ ಆಸ್ತಿಯನ್ನು ನಾವು ಯಾರ ಹೆಸರಿಗೆ ಬರೆದುಕೊಟ್ಟಿದ್ದೇವೆ ನೋಡಿ. ಬಿ.ಇಡಿ ಮಾಡಿ ನೌಕರಿಗೆ ಸೇರಿದವನೂ ಗುರು, ಹಾಸ್ಟೆಲ್ ವಾರ್ಡನ್ನೂ ಗುರು, ಕಬಡ್ಡಿ ಕಲಿಸುವವನೂ ಗುರು, ಮಠದ ಹಾಸ್ಟೆಲಿನ ಲೆಕ್ಕ ಬರೆಯುವವನೂ ಗುರು. "ಮಾಸ್ತರ ಅಂದ್ರ ದೇವರಿದ್ದಂಗ, ಅವರ ಮ್ಯಾಲ ಹಂಗ ಅನ್ನಬಾರದು" ಎಂದು ಮಗಳ ಬಾಯಿ ಮುಚ್ಚುವ ಅವ್ವ ತಾನು ಧರ್ಮ ಕಾಪಾಡುತ್ತಿದ್ದೇನೆ ಎಂದೇ ತಿಳಿದಿರುತ್ತಾಳೆ.

ಧರ್ಮ ಹಾಗೆ ಹೇಳಿಲ್ಲ. ಗುರುಪೂರ್ಣಿಮೆಗೆ ವ್ಯಾಸಪೂರ್ಣಿಮೆ ಎಂಬ ಹೆಸರೂ ಉಂಟು. ಆ ವ್ಯಾಸರ ಭಾರತದಲ್ಲಿ, ಉದ್ಯೋಗಪರ್ವದ ಅಂಬೆಯ ಪ್ರಸಂಗದಲ್ಲಿ, ಭೀಷ್ಮ ತನಗೆ ಬಿಲ್ವಿದ್ಯೆ ಕಲಿಸಿದ ಪರಶುರಾಮನ ಎದುರೇ ನಿಂತು ಹಳೆಯ ಶಾಸ್ತ್ರವೊಂದನ್ನು ನೆನಪಿಸುತ್ತಾನೆ. ಸೊಕ್ಕಿದ, ಮಾಡಬೇಕಾದ್ದು ಬಿಡಬೇಕಾದ್ದು ತಿಳಿಯದ, ದಾರಿ ಬಿಟ್ಟು ನಡೆದ ಗುರುವನ್ನೂ ತಿದ್ದಬೇಕು, ದಂಡಿಸಬೇಕು ಎಂಬುದು ಅದರ ಸಾರ. ಹೇಳಿ ಸುಮ್ಮನಾಗದೆ ಗುರುವಿನ ಮೇಲೆಯೇ ಬಿಲ್ಲು ಹೂಡುತ್ತಾನೆ. ಆ ಜಗಳದಲ್ಲಿ ಅಂಬೆಗೆ ನ್ಯಾಯ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ. ಸಿಗಲಿಲ್ಲ, ಅದು ಭೀಷ್ಮನ ಮೇಲಿನ ತೀರದ ಸಾಲ. ಆದರೆ ಗುರುವಿಗೂ ದಂಡನೆ ಉಂಟು ಎಂದು ಬಲ್ಲ ಅದೇ ಭೀಷ್ಮ ದ್ಯೂತಸಭೆಯಲ್ಲಿ ಧರ್ಮ ಬಲು ಸೂಕ್ಷ್ಮ ಎಂದು ಹೇಳಿ ತಲೆ ತಗ್ಗಿಸಿದ. ನಮ್ಮ ಹಿರಿಯರು ಕಲಿತದ್ದು ಈ ಎರಡನೇ ಭೀಷ್ಮನಿಂದ.

ಇನ್ನು ಆಪಸ್ತಂಬ ಧರ್ಮಸೂತ್ರ. ಶಿಷ್ಯನನ್ನು ಸ್ವಂತ ಮಗನಂತೆ ಕಾಣಬೇಕು, ವಿದ್ಯೆಯಲ್ಲಿ ಏನನ್ನೂ ಮುಚ್ಚಿಡಬಾರದು, ಆಪತ್ತಿನ ಕಾಲ ಬಿಟ್ಟರೆ ಅವನ ಓದಿಗೆ ಅಡ್ಡಿಯಾಗುವಂತೆ ತನ್ನ ಕೆಲಸಕ್ಕೆ ಬಳಸಿಕೊಳ್ಳಬಾರದು ಎಂಬ ಕಟ್ಟಳೆಗಳನ್ನು ಅದು ಗುರುವಿಗೆ ಹಾಕುತ್ತದೆ. ತನ್ನ ಕರ್ತವ್ಯ ತಪ್ಪಿದವನು ಗುರುವಾಗಿ ಉಳಿಯುವುದೇ ಇಲ್ಲ ಎಂದೂ ಹೇಳುತ್ತದೆ. ನೀರು ತರಿಸುವುದಕ್ಕೇ ಇಷ್ಟು ಅಂಕೆ ಇಟ್ಟ ಪರಂಪರೆ ಮಗುವಿನ ಮೈ ಮುಟ್ಟುವುದಕ್ಕೆ ಏನೆಂದೀತು? ಮನುಸ್ಮೃತಿಯ ಹನ್ನೊಂದನೇ ಅಧ್ಯಾಯ ನೋಡಿ. ಅದರಲ್ಲಿನ ಬಹಳಷ್ಟು ಮಾತುಗಳನ್ನು ಇವತ್ತು ಯಾರೂ ಒಪ್ಪಬೇಕಾಗಿಲ್ಲ, ನಾನಂತೂ ಒಪ್ಪುವುದಿಲ್ಲ. ಆದರೆ ಶಾಸ್ತ್ರ ಶಾಸ್ತ್ರ ಎನ್ನುವವರಿಗಾಗಿ ಹೇಳುತ್ತೇನೆ: ಕುಮಾರಿಯನ್ನು ಕೆಡಿಸುವುದನ್ನು ಅಲ್ಲಿ ಗುರುಪತ್ನಿಯನ್ನು ಕೆಡಿಸಿದ ಮಹಾಪಾತಕಕ್ಕೆ ಸಮವೆಂದು ಎಣಿಸಿದೆ. ಮಹಾಪಾತಕಗಳ ಪಟ್ಟಿಯ ಐದನೆಯದು ಯಾವುದು ಗೊತ್ತೇ? ಅಂಥ ಪಾತಕಿಗಳ ಜೊತೆ ಒಡನಾಟ ಇಟ್ಟುಕೊಳ್ಳುವುದು. ರಾಜಿ ಮುಗಿದ ಮೇಲೆ ಆ ಮಾಸ್ತರನ ಜೊತೆ ಕೂತು ಚಹಾ ಕುಡಿದವರು ಈ ಐದನೆಯ ಸಾಲಿನಲ್ಲಿ ತಮ್ಮ ಹೆಸರು ಹುಡುಕಿಕೊಳ್ಳಲಿ. ಗುರು ಹೆಸರಿನ ವೇಷಧಾರಿಗಳನ್ನು ನಮ್ಮ ಶರಣರೂ ಬಿಟ್ಟವರಲ್ಲ. ಹನ್ನೆರಡನೇ ಶತಮಾನದಲ್ಲಿ ಅವರಿಗಿದ್ದ ಧೈರ್ಯ ನಮಗೆ ಮುಖ್ಯ ಗುರುಗಳ ಕೋಣೆಯಲ್ಲಿ ಇಲ್ಲ.

ಮಠಗಳು ಮತ್ತು ಗುಡಿಗಳು ನಡೆಸುವ ಶಾಲೆ, ಹಾಸ್ಟೆಲುಗಳ ಮಾತು ಎತ್ತಿದರೆ ಹಲವರಿಗೆ ಕೋಪ ಬರುತ್ತದೆ. ಬರಲಿ. ಉತ್ತರ ಕರ್ನಾಟಕದ ಬಡವರ ಮಕ್ಕಳು ಅಕ್ಷರ ಕಲಿತದ್ದೇ ಮಠಗಳ ಅನ್ನದಿಂದ, ಅದರಲ್ಲಿ ಎರಡು ಮಾತಿಲ್ಲ. ಆ ಋಣವನ್ನೇ ಅಡ್ಡ ಹಿಡಿದು ಪ್ರಶ್ನೆ ಕೇಳಬೇಡಿ ಎನ್ನುವುದು ಮಾತ್ರ ಒಪ್ಪತಕ್ಕದ್ದಲ್ಲ. 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿನಲ್ಲಿದ್ದ ಹುಡುಗಿಯರು ಮೈಸೂರಿನ ಒಡನಾಡಿ ಸಂಸ್ಥೆಗೆ ಹೋಗಿ ಪೀಠಾಧಿಪತಿಗಳ ವಿರುದ್ಧ ಲೈಂಗಿಕ ದೌರ್ಜನ್ಯದ ದೂರು ಹೇಳಿಕೊಂಡರು. ಪೀಠಾಧಿಪತಿಗಳ ಬಂಧನವಾಯಿತು. 2025ರ ನವೆಂಬರ್‌ನಲ್ಲಿ ಆ ಪ್ರಕರಣದಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ತೀರ್ಪು ನ್ಯಾಯಾಲಯದ್ದು, ಅದನ್ನು ಇಲ್ಲಿ ನಾನು ಎಳೆದಾಡುವುದಿಲ್ಲ. ನನ್ನ ಪ್ರಶ್ನೆ ತೀರ್ಪಿಗೆ ಮೊದಲಿನದು. ದೂರು ನಿಜವೋ ಸುಳ್ಳೋ, ಅದನ್ನು ಹೇಳಿಕೊಳ್ಳಲು ಮಕ್ಕಳು ಇನ್ನೂರು ಕಿಲೋಮೀಟರ್‌ಗೂ ಆಚೆಯ ಊರಿಗೆ ಯಾಕೆ ಹೋಗಬೇಕಾಯಿತು? ಇಡೀ ಚಿತ್ರದುರ್ಗದಲ್ಲಿ ಆ ಮಕ್ಕಳಿಗೆ ಕಿವಿಗೊಡುವ ಒಂದು ಬಾಗಿಲು ಕಾಣಲಿಲ್ಲವೇ? ಇನ್ನು ಆಳಂದದ, ಜೇವರ್ಗಿಯ ಮಠದ ಹಾಸ್ಟೆಲಿನ ಮಗು ಯಾವ ಊರಿಗೆ ಹೋಗಬೇಕು?

ಅದೇ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ, ದೇವಸ್ಥಾನದ ವೇದಶಾಲೆಯಲ್ಲಿ, 2025ರ ಅಕ್ಟೋಬರ್‌ನಲ್ಲಿ ಒಬ್ಬ ಹುಡುಗನನ್ನು ಗುರು ಕಾಲಿನಿಂದ ಒದೆಯುವ ವಿಡಿಯೊ ಹೊರಬಂತು. ಅದು ಲೈಂಗಿಕ ಪ್ರಕರಣವಲ್ಲ. ಹುಡುಗ ಮಾಡಿದ ತಪ್ಪು ಏನು? ಕೇಳದೆ ಅಜ್ಜಿಗೆ ಫೋನ್ ಮಾಡಿದ್ದ. ಮಗು ಮನೆಗೆ ಫೋನ್ ಮಾಡುವುದೇ ಅಪರಾಧವಾಗುವ ಜಾಗದಲ್ಲಿ ಇನ್ನೇನು ಬೇಕಾದರೂ ನಡೆಯಬಹುದು, ಹೊರಗೆ ಬರುವುದಿಲ್ಲ. ಹಾಸ್ಟೆಲಿನಲ್ಲಿ ಫೋನ್ ಎಲ್ಲಿದೆ, ಮಕ್ಕಳು ಯಾರೂ ಪಕ್ಕದಲ್ಲಿ ನಿಲ್ಲದೆ ಮನೆಯವರ ಜೊತೆ ಮಾತಾಡಬಹುದೇ ಎಂಬ ಒಂದೇ ಪ್ರಶ್ನೆಯಿಂದ ಆ ಹಾಸ್ಟೆಲಿನ ಅರ್ಧ ಬಂಡವಾಳ ತಿಳಿಯುತ್ತದೆ.

ಹುಡುಗರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಹೇಳಿಕೊಂಡರು. ಅವರಲ್ಲಿ ಹುಡುಗರ ಪಾಲು ಹುಡುಗಿಯರಿಗಿಂತ ತುಸು ಹೆಚ್ಚೇ ಇತ್ತು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗು ಬಲ್ಲವರು, ನಂಬಿದವರು. "ಗಂಡು ಹುಡುಗ, ಅವನಿಗೇನಾಗತದ" ಎಂದು ವೇದಪಾಠಶಾಲೆಗೆ, ವಸತಿ ಶಾಲೆಗೆ ಬಿಟ್ಟು ಬರುವ ತಂದೆ ತಾಯಿಗಳು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಕೋಪದ ವಿಷಯದಲ್ಲಂತೂ ನಾವು ಬಹಳ ಲೆಕ್ಕಾಚಾರದವರು. ಜೇವರ್ಗಿಯಿಂದ ಒಡೆದು ತಾಲ್ಲೂಕಾದ ಯಡ್ರಾಮಿಯಲ್ಲಿ 2024ರ ಡಿಸೆಂಬರ್ ಹೊತ್ತಿಗೆ, ವಿದ್ಯಾರ್ಥಿನಿಯ ಮೇಲೆ ದೌರ್ಜನ್ಯ ಎಸಗಿದ ಆರೋಪದಲ್ಲಿ ಸರಕಾರಿ ಶಾಲೆಯ ಶಿಕ್ಷಕನೊಬ್ಬನ ಬಂಧನವಾಯಿತು. ಊರು ಬಂದ್ ಆಯಿತು, ಜನ ಬೀದಿಗಿಳಿದರು. ಇಳಿಯಲೇಬೇಕಿತ್ತು. ಆದರೆ ಇಂಥ ಹೊತ್ತಿನಲ್ಲಿ ಹೆಗಲಿಗೆ ಶಾಲು ಹಾಕಿಕೊಂಡು ಮುಂದೆ ನಿಲ್ಲುವ ನಮ್ಮ ಧರ್ಮರಕ್ಷಕರಿಗೆ ಒಂದು ಪ್ರಶ್ನೆ. ಆರೋಪಿಯ ಹೆಸರು ಕೇಳಿದ ಮೇಲೆ ಕೋಪ ಏರುವುದೋ ಇಳಿಯುವುದೋ? ಅನ್ಯಧರ್ಮದವನಾದರೆ ಗಲ್ಲು, ನಮ್ಮವನಾದರೆ ಪಿತೂರಿ, ನಮ್ಮ ಒಳಪಂಗಡದವನಾದರೆ ರಾಜಿ, ಗೌಡರ ಅಳಿಯನಾದರೆ ಹುಡುಗಿಯ ನಡತೆಯ ವಿಚಾರಣೆ. ಹುಡುಗಿ ಯಾವ ಓಣಿಯವಳು ಎಂಬುದರ ಮೇಲೂ ನಮ್ಮ ದನಿಯ ಎತ್ತರ ನಿಂತಿದೆ. ತಾಂಡಾದವಳೋ ದಲಿತರ ಓಣಿಯವಳೋ ಆದರೆ ಬಂದ್ ಇಲ್ಲ, ಮೆರವಣಿಗೆ ಇಲ್ಲ, ಅಂಗಡಿಗಳು ಎಂದಿನಂತೆ ತೆರೆದಿರುತ್ತವೆ. ಹಿಂದೂ ಎಂಬ ಹೆಸರಿನಲ್ಲಿ ಒಗ್ಗಟ್ಟು ಬೇಕೆನ್ನುವವರು ಆ ಮಗುವಿನ ಮನೆಯ ಮುಂದೆ ಮೊದಲು ಹೋಗಿ ನಿಲ್ಲಬೇಕಿತ್ತು.

ಇದು ಇವತ್ತಿನ ರೋಗವೂ ಅಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ಊರಿಗೆ ಬಿಟ್ಟ ನಾಡು ನಮ್ಮದು. 1982ರಲ್ಲಿ ಕರ್ನಾಟಕ ಆ ದೇವದಾಸಿ ಪದ್ಧತಿಯನ್ನು ಕಾಯ್ದೆಯಿಂದ ನಿಷೇಧಿಸಬೇಕಾಯಿತು. ಅದಕ್ಕೆ ಮೊದಲು ಎಷ್ಟು ಮಠಾಧೀಶರು, ಎಷ್ಟು ಪುರಾಣಿಕರು ಅದರ ವಿರುದ್ಧ ಬಾಯಿ ಬಿಟ್ಟಿದ್ದರು? ಎಲ್ಲಮ್ಮನಿಗೆ ಪಡಲಗಿ ತುಂಬಿ, ಘತ್ತರಗಿಯ ಭಾಗ್ಯವಂತಿಗೆ ಉಡಿ ತುಂಬಿ ಬಂದು, ಅಕ್ಕಪಕ್ಕದ ಮನೆಯ ಹುಡುಗಿ ಸಾಲಿಗೆ ಹೋಗಲು ಯಾಕೆ ಹೆದರುತ್ತಾಳೆ ಎಂದು ಕೇಳದೆ ಇರಲು ನಮಗೆ ಆಗುತ್ತದೆ.

ಇನ್ನು ವರ್ಗಾವಣೆ ಎಂಬ ಮದ್ದು. ಗುಲ್ಲು ಹೆಚ್ಚಾದರೆ ಮಾಸ್ತರನನ್ನು ಬೇರೆ ಊರಿಗೆ ಹಾಕಿಸುತ್ತೇವೆ, ಅದಕ್ಕೆ ಶಾಸಕರ ಪತ್ರವನ್ನೂ ತರುತ್ತೇವೆ, ಊರು ಸ್ವಚ್ಛವಾಯಿತೆಂದು ಕೈ ತೊಳೆದುಕೊಳ್ಳುತ್ತೇವೆ. ಆಳಂದದಿಂದ ಹೊರಟವನು ಅಫಜಲಪುರದ ಯಾವುದೋ ಹಳ್ಳಿಯಲ್ಲಿ ಇಳಿಯುತ್ತಾನೆ. ಅಲ್ಲಿನ ಮಕ್ಕಳು ಯಾರ ಮಕ್ಕಳು? ಅಮೆರಿಕದ ಬಾಸ್ಟನ್ನಿನಲ್ಲಿ ಕ್ಯಾಥೊಲಿಕ್ ಚರ್ಚು ಇಂಥ ಪಾದ್ರಿಗಳನ್ನು ದಶಕಗಟ್ಟಲೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೀಗೆಯೇ ವರ್ಗ ಮಾಡುತ್ತಿತ್ತು. 2002ರಲ್ಲಿ ಅಲ್ಲಿನ ಬಾಸ್ಟನ್ ಗ್ಲೋಬ್ ಪತ್ರಿಕೆ ಬಯಲು ಮಾಡಿದಾಗ ಅಲ್ಲಿನ ಕಾರ್ಡಿನಲ್ ತಮ್ಮ ಆರ್ಚ್‌ಬಿಷಪ್ ಹುದ್ದೆ ಬಿಡಬೇಕಾಯಿತು. ಆ ಸುದ್ದಿ ಓದಿ ಅವರ ಧರ್ಮದ ಹುಳುಕು ಎಂದು ನಕ್ಕವರು ನಮ್ಮಲ್ಲಿ ಇದ್ದಾರೆ. ತಮ್ಮ ತಾಲ್ಲೂಕಿನ ವರ್ಗಾವಣೆ ಪಟ್ಟಿಯನ್ನು ಅವರು ತೆಗೆದು ನೋಡಿಲ್ಲ.

ಮಾಸ್ತರ ಹೋದ, ಹುಡುಗಿ ಏನಾದಳು? ಅವಳ ಸಾಲಿ ಬಿಡಿಸುತ್ತಾರೆ. ಸೋಲಾಪುರದ ಕಡೆಯೋ ಅಕ್ಕಲಕೋಟೆಯ ಕಡೆಯೋ ಗಂಡು ನೋಡಿ ಮದುವೆ ಮುಗಿಸುತ್ತಾರೆ. ಹದಿನೆಂಟು ತುಂಬದ ಮದುವೆ ಇನ್ನೊಂದು ಅಪರಾಧ ಎಂಬುದು ಆ ಹೊತ್ತಿಗೆ ಯಾರ ತಲೆಯಲ್ಲೂ ಇರುವುದಿಲ್ಲ. ಮುತ್ಯಾ ಅಕ್ಷತೆ ಹಾಕುತ್ತಾನೆ, ಸ್ವಾಮಿಗಳು ಆಶೀರ್ವಾದ ಮಾಡುತ್ತಾರೆ. ಇದನ್ನು ನೋಡಿದ ಅವಳ ಗೆಳತಿಯರು ಒಂದು ಪಾಠ ಕಲಿಯುತ್ತಾರೆ: ಬಾಯಿ ಬಿಟ್ಟರೆ ಸಾಲಿ ಹೋಗುತ್ತದೆ. ಮಕ್ಕಳು ಯಾಕೆ ಹೇಳುವುದಿಲ್ಲ ಎಂದು ಕಾರ್ಯಾಗಾರ ಮಾಡುವವರಿಗೆ ಉತ್ತರ ಇಲ್ಲಿದೆ.

ದುಡಿಯಲು ಊರು ಬಿಡುವವರ ಮಕ್ಕಳ ಕತೆ ಇನ್ನೊಂದು. ಮಳೆ ಕೈಕೊಟ್ಟ ವರ್ಷ ಈ ಮೂರೂ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಜನ ಪುಣೆ, ಮುಂಬೈಗೆ ಗಂಟು ಕಟ್ಟುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ, ಇಲ್ಲವೇ ಹಾಸ್ಟೆಲು ಸೇರುತ್ತವೆ. ಕೇಳುವವರಿಲ್ಲದ ಮಗುವನ್ನು ಹುಡುಕುವುದು ಇಂಥವರಿಗೆ ಚೆನ್ನಾಗಿ ಬರುತ್ತದೆ. ಭೂಸನೂರು, ಹಾವಳಗಾದ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಆಳೆತ್ತರ ಬೆಳೆದು ನಿಂತಿರುತ್ತದೆ. ಆಳಂದ ತಾಲ್ಲೂಕಿನಲ್ಲಿ 2022ರ ನವೆಂಬರ್ ಮೊದಲಲ್ಲಿ ಬಯಲುಕಡೆಗೆ ಹೋದ ಪ್ರೌಢಶಾಲೆಯ ಹುಡುಗಿ ಕಬ್ಬಿನ ಗದ್ದೆಯಲ್ಲಿ ಹೆಣವಾಗಿ ಸಿಕ್ಕಳು. ಸಿಕ್ಕಿಬಿದ್ದವನೂ ಹದಿನೆಂಟು ತುಂಬದ ಹುಡುಗ. ಅದು ಶಾಲೆಯೊಳಗೆ ನಡೆದದ್ದಲ್ಲ ಎಂದು ಯಾರಾದರೂ ಹೇಳಿಯಾರು. ಆ ಹುಡುಗಿಗೂ ಆ ಹುಡುಗನಿಗೂ ಮೈ ಎಂದರೇನು, ಒಪ್ಪಿಗೆ ಎಂದರೇನು ಎಂದು ಹೇಳಿಕೊಡಬೇಕಾದದ್ದು ಯಾವ ಮನೆ, ಯಾವ ಶಾಲೆ? ವಿಜ್ಞಾನದ ಪುಸ್ತಕದಲ್ಲಿ ಆ ಪಾಠ ಬಂದಾಗ "ಮನ್ಯಾಗ ಓದಿಕೊಳ್ರಿ" ಎಂದು ಪುಟ ಮಗುಚುವ ಶಿಕ್ಷಕರು ಇಲ್ಲಿ ಎಷ್ಟು ಜನ! ಅದನ್ನು ನಾವು ಸಂಸ್ಕೃತಿ ಎನ್ನುತ್ತೇವೆ. ಬ್ರಹ್ಮಚರ್ಯವನ್ನು ಒಂದು ಆಶ್ರಮವೆಂದೇ ಕರೆದು, ಇಂದ್ರಿಯದ ಅಂಕೆಯನ್ನು ಓದಿನ ಮೊದಲ ಮೆಟ್ಟಿಲಾಗಿಟ್ಟ ಸಂಸ್ಕೃತಿಯಲ್ಲಿ ಹರೆಯದ ಮಕ್ಕಳ ಜೊತೆ ಈ ಮಾತು ಆಡುವುದೇ ಅಸಭ್ಯವಾದದ್ದು ಯಾವಾಗ?

ಠಾಣೆಗೆ ಹೋದರೆ ಮಗುವನ್ನು ಅಲ್ಲಿ ಕೂರಿಸುತ್ತಾರೆ, ಊರೆಲ್ಲ ನೋಡುತ್ತದೆ ಎಂಬ ಹೆದರಿಕೆಯನ್ನೂ ಹಿರಿಯರೇ ಹಬ್ಬಿಸುತ್ತಾರೆ. ಕಾಯ್ದೆ ಹೇಳುವುದು ಬೇರೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬರಬೇಕು, ಸಮವಸ್ತ್ರ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ತಪಾಸಣೆಯನ್ನು ಮಹಿಳಾ ವೈದ್ಯೆಯೇ ಮಾಡಬೇಕು. ವಿಚಾರಣೆಯಲ್ಲಿ ಆರೋಪಿಯ ಮುಖ ಮಗುವಿಗೆ ಕಾಣದಂತೆ ಏರ್ಪಾಡು ಇರಬೇಕು. ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ಇದರಲ್ಲಿ ಯಾವುದಾದರೂ ತಪ್ಪಿದರೆ ಅದರ ಮೇಲೆ ಜಗಳ ಮಾಡಿ. ಜಗಳ ಮಾಡಲು ಬಾರದೆ ಮಗುವಿನ ಬಾಯಿ ಮುಚ್ಚುವುದನ್ನು ಬಿಡಿ.

ಮಂಡ್ಯ ಜಿಲ್ಲೆಯ ಕಟ್ಟೇರಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಹಾಸ್ಟೆಲಿನ ಹುಡುಗಿಯರೇ ಬಡಿಗೆ ಹಿಡಿದು, ಕೈಹಾಕಲು ಬಂದನೆಂದು ಮುಖ್ಯ ಶಿಕ್ಷಕನನ್ನು ಬೆನ್ನಟ್ಟಿ ಹೊಡೆದರು. ವಿಡಿಯೊ ನೋಡಿ ನಾಡೆಲ್ಲ ಶಭಾಷ್ ಎಂದಿತು, ಓಬವ್ವ, ಚೆನ್ನಮ್ಮ ಎಂದು ಹೊಗಳಿತು. ನನಗೆ ಅದರಲ್ಲಿ ಹೆಮ್ಮೆಪಡುವಂಥದ್ದು ಕಾಣಲಿಲ್ಲ. ಅಷ್ಟು ಚಿಕ್ಕ ಮಕ್ಕಳು ಬಡಿಗೆ ಎತ್ತಬೇಕಾದರೆ ಅದಕ್ಕೆ ಮೊದಲು ಎಷ್ಟು ದೊಡ್ಡವರು ಕಿವಿ ಮುಚ್ಚಿಕೊಂಡಿರಬೇಕು.

ಮಾಡಬೇಕಾದ್ದು ಕಷ್ಟದ್ದೇನಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು. ಕಾಯಂ ಶಿಕ್ಷಕ, ಅತಿಥಿ ಶಿಕ್ಷಕ, ಅಡುಗೆಯವರು, ಬಸ್ಸಿನ ಡ್ರೈವರ್, ಎಲ್ಲರದ್ದೂ, ಒಂದು ಸಲಕ್ಕೆ ಮುಗಿಸದೆ ಆಗಾಗ. ಸರಕಾರಿ ಶಾಲೆಗೂ ಮಠದ ಶಾಲೆಗೂ ನಿಯಮ ಒಂದೇ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಬರೀ ಗೋಡೆಯ ಮೇಲಿದ್ದರೆ ಸಾಲದು, ಒಂದು ಸಲ ಮಕ್ಕಳ ಮುಂದೆಯೇ ಫೋನ್ ಹಚ್ಚಿ ತೋರಿಸಿ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯನ್ನು ಬಿಸ್ಕೀಟು ಹಂಚಿ ಫೋಟೊ ತೆಗೆಸಿ ಮುಗಿಸಬೇಡಿ. ದೂರು ಪೆಟ್ಟಿಗೆಯ ಬೀಗದ ಕೈ ಮುಖ್ಯ ಗುರುಗಳ ಹತ್ತಿರ ಇರಬಾರದು, ಯಾಕೆಂದರೆ ದೂರು ಅವರ ಮೇಲೆಯೇ ಇರಬಹುದು. ಗುರುಪೂರ್ಣಿಮೆಗೆ ಗಾಣಗಾಪುರದಲ್ಲಿ ಕೂಡುವ ಜನಸಾಗರಕ್ಕೆ, ಶ್ರಾವಣದ ಪುರಾಣಕ್ಕೆ ಬರುವ ಭಕ್ತರಿಗೆ ಸ್ವಾಮಿಗಳು ಪ್ರವಚನದ ಹತ್ತು ನಿಮಿಷ ಇದಕ್ಕಾಗಿ ಎತ್ತಿಡಲಿ. ಎತ್ತಿಡುವ ಮೊದಲು ತಮ್ಮ ಶಾಲೆಯ ಸಿಬ್ಬಂದಿಯ ಪರಿಶೀಲನೆ ಮುಗಿಸಿ ಬರಲಿ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಪುಸ್ತಕ ಮುಂದಿಟ್ಟು, ಈ ಶಾಲೆಯಲ್ಲಿ ಯಾರ ಯಾರ ಪೊಲೀಸ್ ಪರಿಶೀಲನೆ ಆಗಿದೆ, ಯಾರದ್ದು ಆಗಿಲ್ಲ, ಕಳೆದ ಐದು ವರ್ಷದಲ್ಲಿ ಯಾವ ದೂರು ಬಂದು ಯಾರು ಅದನ್ನು ಠಾಣೆಗೆ ಮುಟ್ಟಿಸಿದರು ಎಂದು ಹೆಸರು ಹಿಡಿದು ಬರೆಸಿ. ಕೆಳಗೆ ಮುಖ್ಯ ಗುರುಗಳ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಅವರು ಹಿಂದೆಮುಂದೆ ನೋಡಿದರೆ ಅದರ ಕಾರಣವನ್ನೂ ಅದೇ ಪುಟದಲ್ಲಿ ಬರೆಸಿ, ಅದರ ಕೆಳಗೆ ನಿಮ್ಮ ಹೆಬ್ಬೆಟ್ಟನ್ನೋ ಸಹಿಯನ್ನೋ ಒತ್ತಿ, ಒಂದು ಪ್ರತಿಯನ್ನು ತಾಲ್ಲೂಕು ಠಾಣೆಗೆ ಮುಟ್ಟಿಸಿ ಬನ್ನಿ.